ಚೀನಾಕ್ಕೆ ಒಯ್ದ ವಿಪಿಎನ್: ಹನ್ನೊಂದು ದಿನ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚೀನಾದಲ್ಲಿ ಗೂಗಲ್, ವಾಟ್ಸಾಪ್‌ನಂಥವನ್ನು ಸರ್ಕಾರ ತಡೆದಿದೆ, ಆ ತಡೆ ದಾಟಲು ಹಾಕಿಕೊಳ್ಳುವ ವಿಪಿಎನ್ ಆ್ಯಪ್‌ಗೆ ಐದಕ್ಕೆ ಎರಡು. ನಮ್ಮ ಸಿಮ್ಮೇ ಅಲ್ಲಿ ನಡೆಯುವ ಹಾಗೆ ಮಾಡುವ ರೋಮಿಂಗ್ ಪ್ಯಾಕ್‌ಗೆ ಐದಕ್ಕೆ ನಾಲ್ಕು. ಅವಸರದಲ್ಲಿ ಇದ್ದವರಿಗೆ ಇಷ್ಟು ಸಾಕು, ರೋಮಿಂಗ್ ಹಾಕಿಸಿಕೊಂಡು ಹೊರಡಿ. ಪುರುಸೊತ್ತಿದ್ದವರು ಪೂರ್ತಿ ಓದಿ. ಆ್ಯಪ್ ವಿಷಯ ಬಿಟ್ಟು ಬೇರೆ ಒಂದಷ್ಟು ಹೇಳುವುದಿದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮೂರು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು, ಇದರ ಮಾರಾಟ, ರಿಪೇರಿ. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟ ಆದಮೇಲೆ ಎಲ್ಲರೂ ಕೇಳುವುದು ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು. ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು, ಯಾರೂ ಮರದಿಂದ ಬೀಳುವ ಭಯ ಇಲ್ಲ. ನಾನು ಮಾರುವ ದೋಟಿಯ ಪೈಪು ಬರುವುದು ಚೀನಾದಿಂದ. ಮಧ್ಯದವರ ಕೈಯಿಂದ ತಗೊಂಡು ತಗೊಂಡು ಬೇಜಾರಾಗಿ, ಒಮ್ಮೆ ನಾನೇ ಹೋಗಿ ನೋಡುವುದು ಅಂತ ಗಟ್ಟಿ ಮನಸ್ಸು ಮಾಡಿದೆ. 2024ರ ಏಪ್ರಿಲ್, ಗುವಾಂಗ್‌ಝೌನಲ್ಲಿ ನಡೆಯುವ ಕ್ಯಾಂಟನ್ ಫೇರ್. 1957ರಿಂದ ನಡೆಯುತ್ತಿರುವ ದೊಡ್ಡ ವ್ಯಾಪಾರ ಮೇಳ ಅದು. ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಗುವಾಂಗ್‌ಝೌ.

ಹೋಗುವ ಮೊದಲೇ ತಲೆಬಿಸಿ ಶುರುವಾಗಿತ್ತು. ಕಾರ್ಖಾನೆಯವರು ಮೊದಲು ಕೇಳಿದ್ದೇ ವೀಚಾಟ್ ಇದೆಯಾ ಅಂತ. ವೀಚಾಟ್ ಅಂದರೆ ಚೀನಾದವರ ವಾಟ್ಸಾಪ್ ಇದ್ದ ಹಾಗೆ. ಅದು ನಮ್ಮಲ್ಲಿ 2020ರ ಜೂನ್ 29ರಿಂದ ಬಂದ್. ನನ್ನ ಹತ್ತಿರ ಇರುವುದು ವಾಟ್ಸಾಪ್. ಅದು ಅಲ್ಲಿ 2017ರಿಂದ ಬಂದ್. ಜಿಮೇಲ್ ಕೂಡ ಅಲ್ಲಿ ತೆರೆಯುವುದಿಲ್ಲ, ಆದರೆ ಅಲ್ಲಿಯ ಮೇಲ್‌ನಿಂದ ನಮ್ಮ ಜಿಮೇಲ್‌ಗೆ ಪತ್ರ ಬರುತ್ತದೆ. ಹಾಗಾಗಿ ಎರಡು ತಿಂಗಳು ವ್ಯವಹಾರ ಎಲ್ಲ ಮೇಲ್‌ನಲ್ಲೇ ನಡೆಯಿತು.

ಅಲ್ಲಿ ಹೋದಮೇಲೆ ಮನೆಗೆ ಮಾತಾಡುವುದು ಹೇಗೆ? ಬೆಂಗಳೂರಿನ ಪರಿಚಯದವರೊಬ್ಬರು ಒಂದು ವಿಪಿಎನ್ ಹೇಳಿದರು. ಹೆಸರು ಬರೆಯುವುದಿಲ್ಲ, ಹೀಗೇ ಇರುವಂಥವು ಬೇಕಾದಷ್ಟಿವೆ. ತಿಂಗಳಿಗೆ ಸಾವಿರದ ಎಂಬತ್ತು ರೂಪಾಯಿ. ಚೀನಾದಲ್ಲೂ ನಡೆಯುತ್ತದೆ ಅಂತ ದೊಡ್ಡದಾಗಿ ಬರೆದಿದ್ದರು. ಅದನ್ನು ನಂಬಿ ರೋಮಿಂಗ್ ಪ್ಯಾಕ್ ಬೇಡ ಅಂತ ಬಿಟ್ಟೆ. ಅದೇ ತಪ್ಪಾಯಿತು.

ಮೊದಲ ರಾತ್ರಿ ಹೋಟೆಲ್ ವೈಫೈಗೆ ಸೇರಿಸಿ ಗುಂಡಿ ಒತ್ತಿದೆ. ಚಕ್ರ ತಿರುಗಿತು. ಹಾಂಗ್‌ಕಾಂಗ್ ಸರ್ವರ್ ಆಗಲಿಲ್ಲ, ಸಿಂಗಾಪುರ ಆಗಲಿಲ್ಲ, ಟೋಕಿಯೊ ಆಗಲಿಲ್ಲ. ನಲವತ್ತು ನಿಮಿಷ ಆದಮೇಲೆ ಲಾಸ್ ಏಂಜಲೀಸ್ ಹಿಡಿಯಿತು. ಗುವಾಂಗ್‌ಝೌನಲ್ಲಿ ರಾತ್ರಿ ಹತ್ತು ಗಂಟೆ ಅಂದರೆ ಶಿರಸಿಯಲ್ಲಿ ಏಳೂವರೆ, ಆಯಿ ದೇವರ ದೀಪ ಹಚ್ಚಿ ಫೋನ್ ಎದುರಿಗೆ ಇಟ್ಟುಕೊಂಡು ಕೂತಿರುವ ಹೊತ್ತು. ವಿಡಿಯೊ ಕಾಲ್ ಮಾಡಿದೆ. "ಊಟ ಆತಾ ತಮಾ?" ಅಂದಳು. ಅಷ್ಟರಲ್ಲಿ ಅವಳ ಮುಖ ಅಲ್ಲೇ ನಿಂತಿತು. ಮತ್ತೆ ಹಿಡಿಯಲೇ ಇಲ್ಲ. ಮಗ ಮುಟ್ಟಿದನೋ ಇಲ್ಲವೋ ಅಂತ ಅವಳು ಆ ರಾತ್ರಿ ಸರಿಯಾಗಿ ಮಲಗಲಿಲ್ಲವಂತೆ.

ಅವರ ಸಹಾಯವಾಣಿ ಇರುವುದು ಅವರ ವೆಬ್‌ಸೈಟಿನಲ್ಲಿ. ಆ ವೆಬ್‌ಸೈಟೇ ಚೀನಾದಲ್ಲಿ ಬಂದ್! ಆ್ಯಪ್ ಅಪ್‌ಡೇಟ್ ಮಾಡೋಣ ಅಂದರೆ ಪ್ಲೇ ಸ್ಟೋರ್ ಕೂಡ ತೆರೆಯದು. ಎರಡನೇ ದಿನ ಹೆಂಡತಿಗೆ ಎಸ್ಸೆಮ್ಮೆಸ್ ಕಳಿಸಿದೆ, ಅವಳು ಶಿರಸಿಯಿಂದಲೇ ನನ್ನ ನಂಬರಿಗೆ ಹತ್ತು ದಿನದ ರೋಮಿಂಗ್ ಪ್ಯಾಕ್ ಹಾಕಿಸಿದಳು. ಸುಮಾರು ನಾಲ್ಕು ಸಾವಿರ. ಹತ್ತು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಮೂವತ್ತೆಂಟು ಮೆಸೇಜು ಒಟ್ಟಿಗೆ ಬಂದು ಬಿದ್ದವು.

ಇದು ಯಾಕೆ ಹೀಗೆ ಅಂತ ನನಗೂ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ನೀವು ನಮ್ಮ ದೇಶದ ಸಿಮ್ ಹಾಕಿಕೊಂಡು ಅಲ್ಲಿಗೆ ಹೋದರೆ, ನಿಮ್ಮ ಡೇಟಾ ಅಲ್ಲಿಯ ಟವರ್ ಮೂಲಕ ಹೊರಟರೂ ಸೀದಾ ನಮ್ಮ ಕಂಪನಿಯ ಜಾಲಕ್ಕೆ ಬಂದು ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುತ್ತದೆ. ಅಂದರೆ ಕೂತಿರುವುದು ಗುವಾಂಗ್‌ಝೌನಲ್ಲಿ, ಬಾಗಿಲು ಮಾತ್ರ ಭಾರತದ್ದು. ಅದಕ್ಕೇ ಗೂಗಲ್, ಯೂಟ್ಯೂಬ್ ಎಲ್ಲ ಸಲೀಸಾಗಿ ತೆರೆಯುತ್ತದೆ. ನಮ್ಮಲ್ಲಿ ಬಂದ್ ಆದದ್ದು ಅಲ್ಲೂ ಬಂದ್, ಅದೂ ನೆನಪಿರಲಿ. ಹೋಟೆಲ್ ವೈಫೈ ಆದರೆ ಅಲ್ಲಿಯ ಬಾಗಿಲು, ಅಲ್ಲಿಯ ಕಾವಲು.

ಆ ಕಾವಲು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ವಿಪಿಎನ್ ಯಾಕೆ ಸೋಲುತ್ತದೆ ಅನ್ನುವುದೂ ತಿಳಿಯುತ್ತದೆ. ನಾವು ಒಂದು ವೆಬ್‌ಸೈಟಿನ ಹೆಸರು ಹೊಡೆದಾಗ ಫೋನು ಮೊದಲು ಅದರ ವಿಳಾಸ ಕೇಳುತ್ತದೆ. ಅಲ್ಲೇ ತಪ್ಪು ವಿಳಾಸ ಹೇಳಿ ಕಳಿಸುತ್ತಾರೆ. ಬನವಾಸಿಗೆ ದಾರಿ ಕೇಳಿದವನನ್ನು ಯಲ್ಲಾಪುರದ ಬಸ್ಸಿಗೆ ಹತ್ತಿಸಿದ ಹಾಗೆ. ಸರಿಯಾದ ವಿಳಾಸ ಗೊತ್ತಿದ್ದರೂ, ಲಕೋಟೆಯ ಮೇಲೆ ಬರೆದ ಹೆಸರು ನೋಡಿಯೇ ತಡೆಯುತ್ತಾರೆ. ಇಬ್ಬರು ಮಾತಾಡುತ್ತಿರುವಾಗ ಮೂರನೆಯವನು ಇಬ್ಬರ ದನಿಯಲ್ಲೂ "ಇಡ್ತೇನೆ" ಅಂತ ಹೇಳಿ ಲೈನ್ ಕತ್ತರಿಸುವ ಉಪಾಯವೂ ಇದೆ. ನಮಗೆ ಕಾಣುವುದು ಪುಟ ತೆರೆಯಲಿಲ್ಲ ಅಂತ ಮಾತ್ರ. ಸರ್ಕಾರ ತಡೆದಿದೆ ಅಂತ ಎಲ್ಲೂ ಬರೆದಿರುವುದಿಲ್ಲ. ನೆಟ್‌ವರ್ಕ್ ಸರಿ ಇಲ್ಲವೇನೋ ಅಂತಲೇ ಅನ್ನಿಸುತ್ತದೆ. ನನಗೆ ತುಂಬಾ ಕಸಿವಿಸಿ ಆದದ್ದು ಇದೇ.

ವಿಪಿಎನ್ ಮಾಡುವುದು ಏನು? ನಮ್ಮ ಮಾಹಿತಿಯನ್ನು ಬೀಗದ ಪೆಟ್ಟಿಗೆಯಲ್ಲಿ ಹಾಕಿ ಬೇರೆ ದೇಶದ ಸರ್ವರ್‌ಗೆ ಮುಟ್ಟಿಸುತ್ತದೆ. ಒಳಗೆ ಏನಿದೆ ಅಂತ ಕಾವಲಿನವರಿಗೆ ಕಾಣುವುದಿಲ್ಲ ನಿಜ. ಆದರೆ ಇದು ಬೀಗದ ಪೆಟ್ಟಿಗೆ ಅನ್ನುವುದು ಅದರ ಆಕಾರದಿಂದಲೇ ಗೊತ್ತಾಗುತ್ತದೆ. ಅನುಮಾನ ಬಂದ ಸರ್ವರ್‌ಗೆ ಅವರೇ ಗಿರಾಕಿಯ ಹಾಗೆ ಸಂಪರ್ಕ ಮಾಡಿ ಪರೀಕ್ಷೆ ಮಾಡುತ್ತಾರೆ. ಹೌದು ಅಂತ ಗೊತ್ತಾದರೆ ಆ ಸರ್ವರ್ ಬಂದ್. ಕಂಪನಿಯವರು ಹೊಸ ಸರ್ವರ್ ಹಾಕುತ್ತಾರೆ, ಅದೂ ಬಂದ್. ಹಾಗಾಗಿ ನಿನ್ನೆ ನಡೆದದ್ದು ಇವತ್ತು ನಡೆಯದು. ಜೂನ್ ಮೊದಲ ವಾರ, ಅಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ದೊಡ್ಡ ಸಭೆ ನಡೆಯುವ ದಿನಗಳು, ಆಗ ಇನ್ನೂ ಕಷ್ಟ. ಜೂನ್ 4 ಅಂದರೆ 1989ರಲ್ಲಿ ತಿಯಾನನ್ಮೆನ್ ಚೌಕದ ಹೋರಾಟದವರ ಮೇಲೆ ಸೈನ್ಯ ಗುಂಡು ಹಾರಿಸಿದ ದಿನ. ಆ ತಾರೀಖನ್ನು ಬರೆಯುವಂತಿಲ್ಲ ಅಂತ ಅಲ್ಲಿಯ ಜನ "ಮೇ 35" ಅಂತ ಬರೆದರು, ಆಮೇಲೆ ಅದನ್ನೂ ತಡೆದರು.

ನನ್ನ ಲೆಕ್ಕ ಹೇಳುತ್ತೇನೆ. ಹನ್ನೊಂದು ದಿನದಲ್ಲಿ ವಿಪಿಎನ್ ಸರಿಯಾಗಿ ನಡೆದದ್ದು ಮೂರು ದಿನ, ಅದೂ ಬೆಳಗಿನ ಜಾವ. ಉಳಿದ ದಿನ ಬಂದು ಹೋಗಿ ಮಾಡುತ್ತಿತ್ತು. ಪಟ್ಟಿಯಲ್ಲಿ ಇಂಡಿಯಾ ಅಂತ ಇತ್ತು. ಆದರೆ ಆ ಸರ್ವರ್ ನಿಜವಾಗಿ ಇದ್ದದ್ದು ಸಿಂಗಾಪುರದಲ್ಲಿ. ಇದಕ್ಕೆ ಕಾರಣ ನಮ್ಮ ಸರ್ಕಾರ. 2022ರ ಏಪ್ರಿಲ್‌ನಲ್ಲಿ ವಿಪಿಎನ್ ಕಂಪನಿಗಳು ಗಿರಾಕಿಗಳ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮ ತಂದರು, ಆಗ ಹಲವು ದೊಡ್ಡ ಕಂಪನಿಗಳು ಇಲ್ಲಿಂದ ಸರ್ವರ್ ಕಿತ್ತುಕೊಂಡು ಹೋದವು. ದುಡ್ಡು ವಾಪಸ್ ಕೊಡುವ ಮಾತಿತ್ತು. ಊರಿಗೆ ಬಂದು ಮೂರು ಸಲ ಮೇಲ್ ಮಾಡಿದ ಮೇಲೆ ಕೊಟ್ಟರು. ಅದಕ್ಕೇ ಎರಡು ಅಂಕ, ಇಲ್ಲದಿದ್ದರೆ ಒಂದೇ.

ಈಗ ಅಲ್ಲಿ ಸಿಕ್ಕ ಒಬ್ಬ ಹುಡುಗಿಯ ವಿಷಯ.

ಗುವಾಂಗ್‌ಝೌ ಹತ್ತಿರದ ಡಾಂಗ್‌ಗುವಾನ್‌ನ ಕಾರ್ಖಾನೆಗೆ ಹೋದಾಗ ಕಾರ್ಖಾನೆಯವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಒಬ್ಬ ಹುಡುಗಿ ಜೊತೆಗಿದ್ದಳು. ಇಪ್ಪತ್ತೈದು ವರ್ಷ ಇರಬಹುದು. ಬಹಳ ಚುರುಕು. ಪೈಪಿನ ದಪ್ಪ, ತೂಕ, ಎಷ್ಟು ಬಾಗುತ್ತದೆ, ಮಳೆಗಾಲದಲ್ಲಿ ಕೀಲು ಜಾರುತ್ತದಾ, ನಾನು ಕೇಳಿದ್ದೆಲ್ಲ ಒಂದೂ ಬಿಡದೆ ಕೇಳಿ ಹೇಳಿದಳು. ಊಟದ ಹೊತ್ತಿಗೆ ನಮ್ಮ ಊರಿನ ಬಗ್ಗೆ ಕೇಳಿದಳು. ಹಿಂದಿನ ತಿಂಗಳಷ್ಟೇ ಮಾರಿಕಾಂಬಾ ಜಾತ್ರೆ ಆಗಿತ್ತು, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತೇರಿನ ಫೋಟೊ ತೋರಿಸೋಣ ಅಂತ ಫೋನ್ ತೆಗೆದೆ. ಅವರ ವೈಫೈಗೆ ಸೇರಿಕೊಂಡಿತ್ತು, ನನ್ನ ಫೋಟೊ ಎಲ್ಲ ಇರುವುದು ಗೂಗಲ್‌ನಲ್ಲಿ. ಬೂದು ಚೌಕಗಳು ಬಂದವು, ಅಷ್ಟೇ. ವಿಕಿಪೀಡಿಯದಲ್ಲಿ ತೋರಿಸೋಣ ಅಂದರೆ ಅದೂ ಇಲ್ಲ. 2019ರ ಏಪ್ರಿಲ್‌ನಿಂದ ಅಲ್ಲಿ ಎಲ್ಲ ಭಾಷೆಯ ವಿಕಿಪೀಡಿಯವೂ ಬಂದ್, ಅದರಲ್ಲಿ ನಮ್ಮ ಕನ್ನಡದ್ದೂ ಸೇರಿತು. ಪುಟ ಪುಟ ನೋಡಿ ತಡೆಯಲು ಆಗದೆ ಇಡೀ ಮನೆಗೇ ಬೀಗ ಹಾಕಿದ್ದಾರೆ.

ರೋಮಿಂಗ್‌ಗೆ ಬದಲಿಸಿದೆ. ಫೋಟೊ ಬಂತು. ಆಮೇಲೆ ಯೂಟ್ಯೂಬ್‌ನಲ್ಲಿ ಒಂದು ಯಕ್ಷಗಾನ ಹಾಕಿ ಕೊಟ್ಟೆ. ಚಂಡೆ ಪೆಟ್ಟು ಬಿದ್ದದ್ದೇ ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು. ಇಪ್ಪತ್ತು ನಿಮಿಷ ಕಣ್ಣು ಕೀಳದೆ ನೋಡಿದಳು. ನಮ್ಮ ಕ್ಯಾಂಟನೀಸ್ ಒಪೆರಾದಲ್ಲೂ ಹೀಗೇ ಮುಖಕ್ಕೆ ಬಣ್ಣ ಬಳಿಯುತ್ತಾರೆ, ಆದರೆ ಹೀಗೆ ತಿರುಗಿ ತಿರುಗಿ ಕುಣಿಯುವುದಿಲ್ಲ ಅಂದಳು. ಭಾಗವತರು ಏನು ಹಾಡುತ್ತಿದ್ದಾರೆ ಅಂತ ಕೇಳಿದಳು, ಗೊತ್ತಿದ್ದಷ್ಟು ಹೇಳಿದೆ. ಯಕ್ಷಗಾನ ನೋಡಿದರೆ ಯಾವ ಸರ್ಕಾರಕ್ಕೆ ಏನು ತೊಂದರೆ? ಯೂಟ್ಯೂಬ್ ಅಲ್ಲಿ 2009ರಿಂದ ಬಂದ್. ಯಾವುದೋ ರಾಜಕೀಯದ ವಿಡಿಯೊ ಬೇಡ ಅಂತ ಇಡೀ ಜಗತ್ತಿನ ಹಾಡು, ಕುಣಿತ, ಅಡುಗೆ, ಪಾಠ ಎಲ್ಲ ಅವಳಿಂದ ದೂರ ಆಗಿದೆ. ಈ ನಷ್ಟವನ್ನು ಯಾರೂ ಲೆಕ್ಕ ಇಡುವುದಿಲ್ಲ.

ನನಗೆ ಖುಷಿಯಾಗಿ, "ನನ್ನ ವಿಪಿಎನ್ ಐದು ಫೋನಿಗೆ ನಡೆಯುತ್ತೆ, ನಿನ್ನ ಫೋನಿಗೂ ಹಾಕಿ ಕೊಡ್ತೇನೆ" ಅಂದೆ. ಅವಳು ನಕ್ಕು, "ಬೇಡ ಅಣ್ಣಾ, ನನ್ನ ಫೋನಲ್ಲಿ ಬೇಡ" ಅಂದಳು. ಅವಳು ಹೇಳಿದ್ದು ಬ್ರದರ್ ಅಂತ, ನನಗೆ ಕೇಳಿಸಿದ್ದು ಅಣ್ಣ ಅಂತಲೇ. ತನ್ನ ಫೋನನ್ನು ಮೆಲ್ಲಗೆ ತಿರುಗಿಸಿ ಮೇಜಿನ ಮೇಲೆ ಕವುಚಿ ಇಟ್ಟಳು. ಮಾತು ಬದಲಿಸಿ ಪೈಪಿನ ರೇಟು ಹೇಳತೊಡಗಿದಳು.

ರಾತ್ರಿ ಕೂತು ಓದಿದೆ. ಗುವಾಂಗ್‌ಝೌ ಇರುವ ಅದೇ ಗುವಾಂಗ್‌ಡಾಂಗ್ ಪ್ರಾಂತ್ಯದ ಶಾವೊಗುವಾನ್‌ನಲ್ಲಿ 2018ರ ಕೊನೆಗೆ ಒಬ್ಬನಿಗೆ ಬರೀ ವಿಪಿಎನ್ ಬಳಸಿದ್ದಕ್ಕೆ ಪೊಲೀಸರು 1000 ಯುವಾನ್ ದಂಡ ಹಾಕಿದ್ದರು. ಪಕ್ಕದ ಗುವಾಂಗ್‌ಶಿಯಲ್ಲಿ ವಿಪಿಎನ್ ಮಾರುತ್ತಿದ್ದ ಒಬ್ಬನಿಗೆ 2017ರಲ್ಲಿ ಐದೂವರೆ ವರ್ಷ ಜೈಲು. ಅಲ್ಲಿ ಬಹಳ ಜನ ಬಳಸುತ್ತಾರೆ, ಎಲ್ಲರನ್ನೂ ಹಿಡಿಯುವುದಿಲ್ಲ. ಆದರೆ ಬೇಕಾದಾಗ ಯಾರನ್ನಾದರೂ ಹಿಡಿಯಬಹುದು. ಸಿಮ್ ತಗೊಳ್ಳಲು ಮುಖ ಸ್ಕ್ಯಾನ್ ಮಾಡಿಸಬೇಕಾದ ಊರಿನಲ್ಲಿ ಆ ಭಯ ಸಣ್ಣದಲ್ಲ. ನನಗೆ ಸಾವಿರ ರೂಪಾಯಿಯ ಸಾಮಾನು, ಅವಳಿಗೆ ಅದು ಕೆಲಸ, ಹೆಸರು, ಮನೆಯವರ ನೆಮ್ಮದಿ ಎಲ್ಲದರ ಪ್ರಶ್ನೆ. ಅದನ್ನು ನಾನು ಊಟದ ಮೇಜಿನಲ್ಲಿ ಉಪ್ಪಿನಕಾಯಿ ಬಡಿಸಿದಂತೆ ಬಡಿಸಲು ಹೋಗಿದ್ದೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ಅವರೇ ಕೇಳಿದರೆ ಬೇರೆ ಮಾತು. ನೀವಾಗಿ ಎತ್ತಬೇಡಿ.

ಇನ್ನೊಂದು ಮಾತು ಹೇಳದೆ ಇರಲು ಆಗುವುದಿಲ್ಲ. ಹೋಟೆಲ್ಲಿನಲ್ಲಿ ಬೆಳಗಿನ ತಿಂಡಿಗೆ ಕೂತಾಗ ರಾಜ್‌ಕೋಟ್ ಕಡೆಯ ಒಬ್ಬ ವ್ಯಾಪಾರಿ ಸಿಕ್ಕರು. ಅವರು ಹೇಳಿದ್ದು: "ಒಳ್ಳೇದೇ ಮಾಡಿದ್ದಾರೆ ಬಿಡಿ, ನಮ್ಮಲ್ಲೂ ಹೀಗೇ ಆಗಬೇಕು, ಸುಳ್ಳು ಸುದ್ದಿ ನಿಲ್ಲುತ್ತೆ." ಶಿರಸಿಗೆ ಬಂದು ಹೇಳಿದಾಗ ಇಲ್ಲೂ ಇಬ್ಬರು ಮೂವರು ಇದೇ ಮಾತು ಆಡಿದರು. ರಸ್ತೆ ನೋಡಿ, ರೈಲು ನೋಡಿ, ಶಿಸ್ತು ನೋಡಿ ಅಂತ. ರೈಲು ನಾನೂ ನೋಡಿದೆ, ಬೆರಗಾದೆ. ಆದರೆ ಸುಳ್ಳು ಸುದ್ದಿ ಅನ್ನುವ ಮಾತಿಗೆ ನನ್ನ ಹತ್ತಿರ ಒಂದೇ ಉತ್ತರ ಇದೆ. ವುಹಾನ್‌ನ ಕಣ್ಣಿನ ಡಾಕ್ಟರು ಲಿ ವೆನ್‌ಲಿಯಾಂಗ್. 2019ರ ಡಿಸೆಂಬರ್ ಕೊನೆಗೆ ಜೊತೆಯ ಡಾಕ್ಟರುಗಳಿಗೆ ಹೊಸ ಜ್ವರದ ಬಗ್ಗೆ ಹುಷಾರು ಅಂತ ವೀಚಾಟ್‌ನಲ್ಲಿ ಬರೆದರು. 2020ರ ಜನವರಿ 3ಕ್ಕೆ ಪೊಲೀಸರು ಕರೆಸಿ, ನೀನು ಹೇಳಿದ್ದು ಸುಳ್ಳು ಅಂತ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಫೆಬ್ರವರಿ 7ಕ್ಕೆ ಅದೇ ಕಾಯಿಲೆಯಿಂದ ಅವರೇ ತೀರಿಕೊಂಡರು. ನಮಗೆ ಮಾತಾಡುವ ಹಕ್ಕು ಬೇಕು ಅಂತ ಆ ರಾತ್ರಿ ಅಲ್ಲಿಯ ಜನ ಬರೆದದ್ದನ್ನು ಬೆಳಗಾಗುವುದರೊಳಗೆ ಅಳಿಸಿದರು. ನಮ್ಮ ಚಿಕ್ಕಪ್ಪ 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಹೋದರು. ವುಹಾನ್‌ನಲ್ಲಿ ಮೊದಲೇ ಕಿವಿಗೊಟ್ಟಿದ್ದರೆ ಅವರು ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಯಾರಿಗೂ ಹಾಗೆ ಹೇಳಲು ಬರುವುದಿಲ್ಲ. ಆದರೆ ಯಾವುದು ಸುಳ್ಳು ಅಂತ ತೀರ್ಮಾನ ಮಾಡುವ ಕೆಲಸವನ್ನು ಪೊಲೀಸ್ ಠಾಣೆಗೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಹೊರಗಿನ ದೇಶಗಳು, ಕಂಪನಿಗಳು ಏನು ಮಾಡಿದವು? ನಾನು ಮೇಳದಲ್ಲಿ ಇದ್ದ ವಾರದಲ್ಲೇ, ಏಪ್ರಿಲ್ 19ಕ್ಕೆ, ಆ್ಯಪಲ್ ಕಂಪನಿ ಸರ್ಕಾರದ ಆದೇಶದಂತೆ ಚೀನಾದ ಆ್ಯಪ್ ಸ್ಟೋರ್‌ನಿಂದ ವಾಟ್ಸಾಪ್ ತೆಗೆದ ಸುದ್ದಿ ಬಂತು. 2017ರಲ್ಲಿ ವಿಪಿಎನ್ ಆ್ಯಪ್‌ಗಳನ್ನು ತೆಗೆದಿದ್ದರು. ಆಯಾ ದೇಶದ ಕಾನೂನು ಪಾಲಿಸುತ್ತೇವೆ ಅನ್ನುವ ಉತ್ತರ ಎರಡು ಸಲವೂ. ಗೂಗಲ್ 2010ರಲ್ಲಿ ಇನ್ನು ಸೋಸಿದ ಫಲಿತಾಂಶ ಕೊಡುವುದಿಲ್ಲ ಅಂತ ಹೇಳಿ ಹುಡುಕಾಟವನ್ನು ಹಾಂಗ್‌ಕಾಂಗ್‌ಗೆ ಒಯ್ದಿತು. ಆಗ ಬೀಜಿಂಗ್‌ನ ಕಚೇರಿ ಎದುರು ಜನ ಹೂವು ತಂದು ಇಟ್ಟರಂತೆ. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ಅದೇ ಗೂಗಲ್ ಎಂಟು ವರ್ಷ ಬಿಟ್ಟು ಸೋಸುವ ಹುಡುಕಾಟವನ್ನು ಗುಟ್ಟಾಗಿ ತಯಾರು ಮಾಡುತ್ತಿತ್ತು. ಅಲ್ಲಿಯ ಕೆಲಸಗಾರರೇ ಎದ್ದು ವಿರೋಧಿಸಿದ ಮೇಲೆ ಕೈಬಿಟ್ಟಿತು. ಆಗ ಅಮೆರಿಕದ ವಿದೇಶಾಂಗ ಮಂತ್ರಿ ಆಗಿದ್ದ ಹಿಲರಿ ಕ್ಲಿಂಟನ್ ಅದೇ 2010ರಲ್ಲಿ ಇಂಟರ್ನೆಟ್ ಸ್ವಾತಂತ್ರ್ಯದ ಬಗ್ಗೆ ದೊಡ್ಡ ಭಾಷಣ ಮಾಡಿದರು. ಚೀನಾ ಇಂಟರ್ನೆಟ್‌ಗೆ ಕಟ್ಟಿದ ಗೋಡೆ ಇನ್ನೂ ಹಾಗೇ ಇದೆ, ಮೊದಲಿಗಿಂತ ಎತ್ತರ ಆಗಿದೆ.

ನನಗೆ ಮನಸ್ಸಿನಲ್ಲಿ ಉಳಿದದ್ದು ಯಾಹೂ ಅನ್ನುವ ಅಮೆರಿಕದ ಇಂಟರ್ನೆಟ್ ಕಂಪನಿಯ ವಿಷಯ. ಶಿ ತಾವ್ ಅಂತ ಒಬ್ಬ ಪತ್ರಕರ್ತ. ತಿಯಾನನ್ಮೆನ್ ಘಟನೆಗೆ 15 ವರ್ಷ ಆದಾಗ ಪತ್ರಿಕೆಗಳು ಹೇಗಿರಬೇಕು ಅಂತ ಸರ್ಕಾರ ಕೊಟ್ಟ ಸೂಚನೆಯನ್ನು 2004ರಲ್ಲಿ ತನ್ನ ಯಾಹೂ ಮೇಲ್‌ನಿಂದ ಹೊರದೇಶಕ್ಕೆ ಕಳಿಸಿದ. ಆ ಮೇಲ್ ಯಾರದ್ದು ಅಂತ ಪತ್ತೆಗೆ ಬೇಕಾದ ವಿವರವನ್ನು ಯಾಹೂ ಪೊಲೀಸರಿಗೆ ಕೊಟ್ಟಿತು. 10 ವರ್ಷ ಜೈಲು ಶಿಕ್ಷೆ ಆಯಿತು. 2007ರಲ್ಲಿ ಅಮೆರಿಕದ ಸಂಸತ್ತು ಯಾಹೂವಿನ ಮುಖ್ಯಸ್ಥ ಜೆರ್ರಿ ಯಾಂಗ್ ಅವರನ್ನು ಕರೆಸಿ ಪ್ರಶ್ನೆ ಮಾಡಿತು. ಅವರ ಹಿಂದಿನ ಸಾಲಿನಲ್ಲೇ ಶಿ ತಾವ್‌ನ ತಾಯಿ ಕೂತಿದ್ದರು. ಯಾಂಗ್ ತಿರುಗಿ ಆ ತಾಯಿಗೆ ತಲೆ ಬಾಗಿಸಿದರು. ಮಗ ಹೊರಗೆ ಬಂದದ್ದು 2013ರಲ್ಲಿ. ಒಂದು ರಾತ್ರಿ ಕಾಲ್ ತುಂಡಾದದ್ದಕ್ಕೆ ನಮ್ಮ ಆಯಿಗೆ ನಿದ್ದೆ ಬರಲಿಲ್ಲ. ಆ ತಾಯಿ ಎಂಟು ಒಂಬತ್ತು ವರ್ಷ ಹೇಗೆ ಕಳೆದಿರಬೇಕು?

ನಮ್ಮಲ್ಲಿ ಏನೂ ಇಲ್ಲ ಅಂತ ಎದೆ ತಟ್ಟಿಕೊಳ್ಳಲೂ ಆಗುವುದಿಲ್ಲ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಸರ್ಕಾರ ನಿಲ್ಲಿಸಿದ 4ಜಿ ಇಂಟರ್ನೆಟ್ ಪೂರ್ತಿ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ನಾನೂ ಅದನ್ನು ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆ. ಗುವಾಂಗ್‌ಝೌನಲ್ಲಿ ಒಂದೂವರೆ ದಿನ ಮನೆಗೆ ಮಾತಾಡಲು ಆಗದೆ ಒದ್ದಾಡಿದ ಮೇಲೆ ಅದು ನೆನಪಾಯಿತು. ಒಂದು ವ್ಯತ್ಯಾಸ ಇದೆ. ಇಲ್ಲಿ ಅದರ ಬಗ್ಗೆ ಕೋರ್ಟಿಗೆ ಹೋಗಬಹುದು, ಹೀಗೆ ಕೂತು ಬರೆಯಬಹುದು. ಅದನ್ನು ಉಳಿಸಿಕೊಳ್ಳಬೇಕು ಅಲ್ವಾ?

ಹೋಗುವವರಿಗೆ ಕೆಲಸಕ್ಕೆ ಬರುವ ಮಾತು. ರೋಮಿಂಗ್ ಪ್ಯಾಕ್ ಇಲ್ಲಿಂದಲೇ ಹಾಕಿಸಿಕೊಂಡು ಹೊರಡಿ, ನನ್ನ ಹಾಗೆ ಎರಡನೇ ದಿನಕ್ಕೆ ಬಿಡಬೇಡಿ. ಒಂದು ಅಂಕ ಕಡಿಮೆ ಕೊಟ್ಟದ್ದು ರೇಟು ಜಾಸ್ತಿ ಅಂತ, ಮತ್ತೆ ಡೇಟಾ ಬೇಗ ಮುಗಿಯುತ್ತದೆ ಅಂತ. ವಿಪಿಎನ್ ಬೇಕೇ ಬೇಕು ಅಂದರೆ ಒಂದು ತಿಂಗಳಿನದ್ದು ಮಾತ್ರ ತಗೊಳ್ಳಿ, ಎರಡು ವರ್ಷದ ಆಫರ್ ನೋಡಿ ಮರುಳಾಗಬೇಡಿ, ಇಲ್ಲೇ ಇನ್‌ಸ್ಟಾಲ್ ಮಾಡಿ ಒಮ್ಮೆ ಓಡಿಸಿ ನೋಡಿ. ಫೋಟೊ, ಟಿಕೆಟ್, ಹೋಟೆಲ್ ವಿಳಾಸ ಎಲ್ಲ ಫೋನಿನ ಒಳಗೇ ಇಟ್ಟುಕೊಳ್ಳಿ. ಮನೆಯವರಿಗೆ, ಕಾಲ್ ಬರದಿದ್ದರೆ ಹೆದರಬೇಡಿ, ಎಸ್ಸೆಮ್ಮೆಸ್ ಕಳಿಸುತ್ತೇನೆ ಅಂತ ಹೇಳಿ ಹೊರಡಿ.

ದೋಟಿಯ ಪೈಪು ಮಳೆಗಾಲದ ಮೊದಲೇ ಬಂತು. ಚೆನ್ನಾಗಿದೆ, ಈವರೆಗೆ ಒಂದೂ ಸೀಳಿಲ್ಲ. ಆ ಹುಡುಗಿ ಆಮೇಲೆ ಒಮ್ಮೆ ಬಿಲ್ಲಿನ ವಿಷಯಕ್ಕೆ ಮೇಲ್ ಮಾಡಿದಾಗ ಕೊನೆಯ ಸಾಲಿನಲ್ಲಿ, ಆ ಬಣ್ಣದ ಮುಖದ ಕುಣಿತ ಇನ್ನೊಮ್ಮೆ ನೋಡಬೇಕಿತ್ತು, ಫೈಲ್ ಇದ್ದರೆ ಕಳಿಸುತ್ತೀರಾ ಅಂತ ಕೇಳಿದ್ದಳು. ನಮ್ಮ ಊರ ದೇವಸ್ಥಾನದ ಎದುರು ಆದ ಬಯಲಾಟವನ್ನು ನಾನೇ ಫೋನಿನಲ್ಲಿ ಹಿಡಿದದ್ದು ಇತ್ತು. ಮೇಲ್‌ಗೆ ದೊಡ್ಡದಾಯಿತು, ಆರು ತುಂಡು ಮಾಡಿ ಒಂದೊಂದಾಗಿ ಕಳಿಸಿದೆ. ಐದು ಮುಟ್ಟಿದೆ, ನಾಲ್ಕನೆಯದು ಬಂದಿಲ್ಲ ಅಂತ ಉತ್ತರ ಬಂತು. ಇವತ್ತು ಬೆಳಿಗ್ಗೆ ಅದನ್ನು ಮತ್ತೆ ಕಳಿಸಿದ್ದೇನೆ.